ಅಂಜದೀವ್: ಕಾರವಾರದ ಕಡಲಲ್ಲಿ ಏಳು ನಾವಿಕರು ಪ್ರಾಣ ತೆತ್ತ ದ್ವೀಪದುರ್ಗ

ಡಿಸೆಂಬರ್ 19 ಬಂತೆಂದರೆ ನೆರೆಯ ಗೋವಾದಲ್ಲಿ ವಿಮೋಚನಾ ದಿನದ ಸಡಗರ. 1961ರ ಅದೇ ದಿನ ಸಂಜೆ ಪೋರ್ಚುಗೀಸ್ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಭಾರತೀಯ ಸೇನೆಗೆ ಶರಣಾಗುವುದರೊಂದಿಗೆ ನಾಲ್ಕೂವರೆ ಶತಮಾನಗಳ ವಿದೇಶಿ ಆಡಳಿತ ಅಲ್ಲಿ ಕೊನೆಗೊಂಡಿತು. 'ಆಪರೇಷನ್ ವಿಜಯ್' ಎಂಬ ಹೆಸರಿನ ಆ ಕಾರ್ಯಾಚರಣೆ ಎರಡೇ ದಿನಗಳಲ್ಲಿ ಮುಗಿದುಹೋದುದರಿಂದ, ಅದೊಂದು ರಕ್ತಪಾತವಿಲ್ಲದ ಗೆಲುವು ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಅದು ಹಾಗಲ್ಲ ಎಂದು ನೆನಪಿಸುವ ಯುದ್ಧಸ್ಮಾರಕವೊಂದು ಗೋವಾದ ನೌಕಾನೆಲೆ ಐಎನ್‌ಎಸ್ ಗೋಮಾಂತಕ್‌ನ ಆವರಣದಲ್ಲಿದೆ. ಅಂಜದೀವ್ ದ್ವೀಪ ಹಾಗೂ ಗೋವಾ, ದಮನ್, ದಿಯುಗಳ ವಿಮೋಚನೆಗಾಗಿ ನೌಕಾಪಡೆ ನಡೆಸಿದ ಕಾರ್ಯಾಚರಣೆಯಲ್ಲಿ ಪ್ರಾಣಾರ್ಪಣೆ ಮಾಡಿದ ಏಳು ಮಂದಿ ತರುಣ ನಾವಿಕರು ಮತ್ತು ಇತರ ಸಿಬ್ಬಂದಿಯ ಸ್ಮರಣಾರ್ಥ ಅದನ್ನು ಕಟ್ಟಲಾಗಿದೆ.

ಆ ಸ್ಮಾರಕದಲ್ಲಿ ಗೋವಾ, ದಮನ್, ದಿಯುಗಳ ಜತೆ ಬೇರೆಯಾಗಿ ಹೆಸರಿಸಲ್ಪಟ್ಟ ಈ ಅಂಜದೀವ್ ಎಲ್ಲಿದೆ ಎಂದು ಕೇಳಿದರೆ ಮುಂಬಯಿ ಕನ್ನಡಿಗರಲ್ಲಿ ಎಷ್ಟು ಮಂದಿ ಥಟ್ಟನೆ ಉತ್ತರ ಹೇಳಿಯಾರು? ಉತ್ತರ ಕನ್ನಡದವರಾದರೆ ಹೇಳಿಯಾರು. ಅದು ನಮ್ಮ ಕಾರವಾರದ ಎದುರಿನ ಕಡಲಲ್ಲಿ, ಬಿಣಗಾ ತೀರದಿಂದ ಎರಡು ಕಿಲೋಮೀಟರಿನ ಆಸುಪಾಸಿನಲ್ಲಿರುವ, ಒಂದೂವರೆ ಕಿಲೋಮೀಟರಿನಷ್ಟು ಉದ್ದದ ಒಂದು ದ್ವೀಪ. ಆಡಳಿತದ ಲೆಕ್ಕದಲ್ಲಿ ಗೋವಾದ ಕಾಣಕೋಣ ತಾಲೂಕಿಗೆ ಸೇರಿದೆ. ಕಣ್ಣಿಗೆ ಕಾಣುವುದು ಮಾತ್ರ ಕರ್ನಾಟಕದ ದಡದಿಂದ. ಅದನ್ನು ಗೆಲ್ಲಲು ಹೋದ ಹಡಗುಗಳಲ್ಲಿ ಒಂದರ ಹೆಸರು ಐಎನ್‌ಎಸ್ ಮೈಸೂರು. ಈ ಎರಡು ಸಂಗತಿಗಳೇ ಸಾಕು, ಆ ಸ್ಮಾರಕದ ಕಥೆ ನಮ್ಮದೂ ಹೌದು ಎನ್ನಲು. ಮೂರನೆಯ ಸಂಗತಿಯೊಂದಿದೆ. ಅದು ನಾವೆಲ್ಲ ಅನ್ನ ಕಂಡುಕೊಂಡ ಈ ಮುಂಬಯಿ ಮಹಾನಗರಕ್ಕೇ ಸಂಬಂಧಪಟ್ಟದ್ದು. ಅದರಿಂದಲೇ ಆರಂಭಿಸೋಣ.

ಮುಂಬಯಿಯ ಗವರ್ನರ್ ಸತ್ತದ್ದು ಅಂಜದೀವ್‌ನಲ್ಲಿ

ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನ್ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್‌ನನ್ನು ವರಿಸಿದಾಗ ಮುಂಬಯಿ ವರದಕ್ಷಿಣೆಯಾಗಿ ಇಂಗ್ಲಿಷರ ಪಾಲಾಯಿತೆಂಬ ಕಥೆ ಇಲ್ಲಿನ ಶಾಲಾ ಮಕ್ಕಳಿಗೂ ಗೊತ್ತು. 1661ರ ಒಪ್ಪಂದವದು. ಆದರೆ ಕಾಗದದಲ್ಲಿ ಕೊಟ್ಟದ್ದು ಕೈಗೆ ಸಿಗಲಿಲ್ಲ. 1662ರಲ್ಲಿ ಮಾರ್ಲ್‌ಬರೋದ ಅರ್ಲ್ ಹಡಗುಗಳೊಂದಿಗೆ ಮುಂಬಯಿ ಬಂದರಿಗೆ ಬಂದಾಗ ಪೋರ್ಚುಗೀಸ್ ಅಧಿಕಾರಿಗಳು ಒಂದಲ್ಲ ಒಂದು ತಕರಾರು ತೆಗೆದು ದ್ವೀಪವನ್ನು ಬಿಟ್ಟುಕೊಡಲಿಲ್ಲ. ಅರ್ಲ್ ಮರಳಿಹೋದ. ಮುಂಬಯಿಯ ಗವರ್ನರ್ ಎಂದು ನೇಮಕಗೊಂಡಿದ್ದ ಸರ್ ಅಬ್ರಹಾಂ ಶಿಪ್‌ಮನ್ ತನ್ನ ನಾನ್ನೂರರಷ್ಟು ಸೈನಿಕರೊಂದಿಗೆ ನಡುನೀರಿನಲ್ಲಿ ಉಳಿದ. ಇಳಿಯಲು ಜಾಗವಿಲ್ಲದೆ ಕೊನೆಗೆ ಅವರು ಬಿಡಾರ ಹೂಡಿದ್ದು ಇದೇ ಅಂಜದೀವ್‌ನಲ್ಲಿ.

ಎರಡು ಮಳೆಗಾಲಗಳನ್ನು ಅವರು ಅಲ್ಲಿ ಕಳೆದರು. ಕಾರವಾರದ ಮಳೆ ಎಂತಹುದೆಂದು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜ್ವರ, ಭೇದಿ, ಹಸಿವೆಗಳಿಗೆ ಸಿಲುಕಿ ಒಬ್ಬೊಬ್ಬರಾಗಿ ಸತ್ತರು. 1664ರಲ್ಲಿ ಶಿಪ್‌ಮನ್ ಸಹ ಮುಂಬಯಿಯಲ್ಲಿ ಅಧಿಕಾರ ವಹಿಸಿಕೊಳ್ಳದೆಯೇ ಆ ದ್ವೀಪದಲ್ಲಿ ತೀರಿಕೊಂಡ. ಅವನ ಕಾರ್ಯದರ್ಶಿ ಹಂಫ್ರಿ ಕುಕ್ 1665ರ ಫೆಬ್ರವರಿ 18ರಂದು ಮುಂಬಯಿಯನ್ನು ವಶಕ್ಕೆ ತೆಗೆದುಕೊಂಡಾಗ ಅಂಜದೀವ್‌ನಿಂದ ಬದುಕಿ ಬಂದ ಸೈನಿಕರ ಸಂಖ್ಯೆ ನೂರರ ಆಸುಪಾಸಿಗೆ ಇಳಿದಿತ್ತು. ಹಸ್ತಾಂತರ ನಡೆದ ಮ್ಯಾನರ್ ಹೌಸ್ ಇದ್ದ ಸ್ಥಳ ಇಂದು ಕೋಟೆ ಪ್ರದೇಶದ ಐಎನ್‌ಎಸ್ ಆಂಗ್ರೆ ನೌಕಾನೆಲೆಯೊಳಗಿದೆ. ಏಷ್ಯಾಟಿಕ್ ಲೈಬ್ರರಿಯ ಮೆಟ್ಟಿಲ ಬಳಿಯಿಂದ ದಿನವೂ ಕಚೇರಿಗೆ ಓಡುವ ನಮ್ಮವರು ಅದರ ಬೆನ್ನಿಗೇ ಇರುವ ಈ ಇತಿಹಾಸವನ್ನು ಗಮನಿಸುವುದಿಲ್ಲ. ಅವರಿಗೆ ಪುರುಸೊತ್ತಾದರೂ ಎಲ್ಲಿದೆ!

ಅಂಜದೀವ್‌ನ ಹೆಸರು ಚರಿತ್ರೆಯಲ್ಲಿ ಅದಕ್ಕೂ ಹಿಂದಿನಿಂದ ಬರುತ್ತದೆ. 1498ರಲ್ಲಿ ಕಲ್ಲಿಕೋಟೆಯಿಂದ ತಾಯ್ನಾಡಿಗೆ ಮರಳುತ್ತಿದ್ದ ವಾಸ್ಕೋ ಡ ಗಾಮಾ ಇಲ್ಲಿ ತಂಗಿ ಹಡಗು ದುರಸ್ತಿ ಮಾಡಿಕೊಂಡ, ಕುಡಿಯುವ ನೀರು ತುಂಬಿಸಿಕೊಂಡ. 1505ರಲ್ಲಿ ಬಂದ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ಡಿ ಅಲ್ಮೇಡಾ ಇಲ್ಲೊಂದು ಕೋಟೆ ಕಟ್ಟಿಸಿದ. ದಾಳಿ ತಡೆಯಲಾರದೆ ಮರುವರ್ಷವೇ ಅದನ್ನು ಬಿಟ್ಟು ಹೋಗಬೇಕಾಯಿತು. ಇಂದು ಪಾಳು ಬಿದ್ದಿರುವ ಕೋಟೆ ಆಮೇಲಿನದು. ಛತ್ರಪತಿ ಸಂಭಾಜಿ ಮಹಾರಾಜರು ಈ ದ್ವೀಪದ ಮೇಲೆ ಕಣ್ಣಿಟ್ಟಿದ್ದಾರೆಂದು ತಿಳಿದು, ಪೋರ್ಚುಗೀಸರು 1682ರಲ್ಲಿ ಧಾವಿಸಿ ಬಂದು ಕಟ್ಟಿದ ಕೋಟೆ ಅದು. ಅಂಕೋಲೆಯ ಆರ್ಯಾದುರ್ಗಾ ದೇವಿಯ ಮೂಲಸ್ಥಾನ ಇದೇ ದ್ವೀಪವೆಂದೂ, ಪರಕೀಯರ ಹಾವಳಿಯ ಕಾಲದಲ್ಲಿ ದೇವಿಯನ್ನು ದಡಕ್ಕೆ ತರಲಾಯಿತೆಂದೂ ಭಕ್ತರ ನಂಬಿಕೆ. ಆ ದೇವಿಯನ್ನು ಕುಲದೇವತೆಯಾಗಿ ಪೂಜಿಸುವ ಮುಂಬಯಿಯ ಕುಟುಂಬಗಳಿಗೆ ಅಂಜದೀವ್ ಎಂದರೆ ಕೋಟೆಯಲ್ಲ, ದೇವಿ ಬಿಟ್ಟು ಬಂದ ನೆಲ. ದ್ವೀಪದಲ್ಲಿ ಬ್ರೋತಾಸ್ ಮಾತೆಯ ಇಗರ್ಜಿಯೂ ಇದೆ. ಫೆಬ್ರವರಿ 2ರ ಅದರ ಹಬ್ಬಕ್ಕೆ ಗೋವಾ ಮತ್ತು ಕಾರವಾರದ ಕ್ರೈಸ್ತ ಬಾಂಧವರು ದೋಣಿಯಲ್ಲಿ ಹೋಗಿ ಬರುತ್ತಿದ್ದರು.

ಮೊದಲ ರಕ್ತ ಮೀನುಗಾರನದು

1961ಕ್ಕೆ ಬರೋಣ. ಉತ್ತರ ಕನ್ನಡ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆಗ ಐದೇ ವರ್ಷ. ಕೊಂಕಣ ರೈಲಿನ ಕನಸೂ ಇಲ್ಲದ ದಿನಗಳು. ಕರಾವಳಿಯ ಜನರ ಓಡಾಟಕ್ಕೆ ಹಡಗೇ ದೊಡ್ಡ ಆಸರೆ. ಮೀನುಗಾರಿಕೆ ಬಹುಪಾಲು ದೋಣಿ ಮತ್ತು ರಂಪಣಿ ಬಲೆಯದು. ಹರಿಕಂತ್ರರು, ಖಾರ್ವಿಗಳು, ಅಂಬಿಗರು, ಗಾಬಿತರು ತಲೆತಲಾಂತರದಿಂದ ಮೀನು ಹಿಡಿಯುತ್ತಿದ್ದ ನೀರಿನ ನಡುವೆಯೇ ಪೋರ್ಚುಗೀಸ್ ಧ್ವಜ ಹಾರುತ್ತಿದ್ದ ದ್ವೀಪವಿತ್ತು. ಬ್ರಿಟಿಷರು ಹೋಗಿ ಹದಿನಾಲ್ಕು ವರ್ಷಗಳಾದರೂ ಕಾರವಾರದ ಜನ ಬೆಳಿಗ್ಗೆ ಎದ್ದು ಕಡಲು ನೋಡಿದರೆ ಕಾಣುತ್ತಿದ್ದುದು ವಿದೇಶಿ ಕೋಟೆ.

ಆ ವರ್ಷ ನವೆಂಬರ್‌ನಲ್ಲಿ ಅಂಜದೀವ್ ಬಳಿ ಹಾದುಹೋಗುತ್ತಿದ್ದ 'ಸಾಬರ್ಮತಿ' ಎಂಬ ಭಾರತೀಯ ಪ್ರಯಾಣಿಕ ಹಡಗಿನ ಮೇಲೆ ದ್ವೀಪದ ಕಾವಲುಪಡೆ ಗುಂಡು ಹಾರಿಸಿತು. ಹಡಗಿನ ಮುಖ್ಯ ಇಂಜಿನಿಯರ್ ಗಾಯಗೊಂಡರು. ಅದೇ ತಿಂಗಳು ಮೀನು ಹಿಡಿಯಲು ಹೋದ ದೋಣಿಗಳ ಮೇಲೂ ಗುಂಡಿನ ಮಳೆಯಾಗಿ ಕಾರವಾರ ತೀರದ ಮೀನುಗಾರನೊಬ್ಬ ಬಲಿಯಾದ. ಭಾರತ ದಾಳಿಗೆ ಸಜ್ಜಾಗುತ್ತಿದೆ ಎಂಬ ದಿಗಿಲು ಕೋಟೆಯೊಳಗಿನವರಿಗೆ ಇದ್ದಿರಬಹುದು. ಆದರೆ ಬಲೆ ಹಿಡಿದವನ ಕೈಯಲ್ಲಿ ಬಂದೂಕು ಇರಲಿಲ್ಲ.

ಇಡೀ ಕರಾವಳಿ ತಲ್ಲಣಿಸಿತು. ದೋಣಿ ಇಳಿಸಲು ಜನ ಹೆದರಿದರು. ಮೀನುಗಾರರಿಗೆ ಧೈರ್ಯ ತುಂಬಲು ನೌಕಾಪಡೆ ನವೆಂಬರ್ ಕೊನೆಯಲ್ಲಿ ಐಎನ್‌ಎಸ್ ರಜಪೂತ್ ಮತ್ತು ಐಎನ್‌ಎಸ್ ಕೃಪಾಣ್ ಹಡಗುಗಳನ್ನು ಕಾರವಾರದ ಕಡಲಿಗೆ ಕಳುಹಿಸಿತು. ಡಿಸೆಂಬರ್ 1ರಿಂದ ಬೇಟ್ವಾ ಮತ್ತು ಬಿಯಾಸ್ ಹಡಗುಗಳು ಗೋವಾ ತೀರದ ಹೊರಗೆ ಪಹರೆ ಆರಂಭಿಸಿದವು. ಈ ಪಹರೆಗೆ ನೌಕಾಪಡೆ ಇಟ್ಟ ಗುಪ್ತ ಹೆಸರು 'ಆಪರೇಷನ್ ಚಟ್ನಿ'! ಈ ಹೆಸರು ಕೇಳಿ ಮುಂಬಯಿಯ ನಮ್ಮ ಹೋಟೆಲ್ ಬಾಂಧವರು ಮುಗುಳ್ನಗದೆ ಇರಲಾರರು.

ರಾಜಕೀಯದ ಬಗ್ಗೆಯೂ ಒಂದು ಮಾತು. ಅಂದಿನ ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಉತ್ತರ ಮುಂಬಯಿಯ ಲೋಕಸಭಾ ಸದಸ್ಯರಾಗಿದ್ದರು. 1962ರ ಆರಂಭದ ಚುನಾವಣೆಯಲ್ಲಿ ಅವರು ಅಲ್ಲಿಯೇ ಆಚಾರ್ಯ ಕೃಪಲಾನಿಯವರನ್ನು ಎದುರಿಸಬೇಕಿತ್ತು. ಗೋವಾ ಕಾರ್ಯಾಚರಣೆಯ ಮುಹೂರ್ತಕ್ಕೂ ಈ ಚುನಾವಣೆಗೂ ಗಂಟು ಹಾಕಿ ಟೀಕಿಸಿದವರಿದ್ದರು. ಚುನಾವಣೆಯಲ್ಲಿ ಮೆನನ್ ಗೆದ್ದರು. ಆದರೆ ಕಾರವಾರದ ದಡದಲ್ಲಿ ನಿಂತು ನೋಡಿದವರಿಗೆ ಕಾರಣ ಹುಡುಕಲು ಉತ್ತರ ಮುಂಬಯಿಯವರೆಗೆ ಬರಬೇಕಾದ ಅಗತ್ಯವಿರಲಿಲ್ಲ, ಅವರ ಕಡೆಯ ದೋಣಿಯೇ ರಕ್ತ ಹೊತ್ತು ದಡಕ್ಕೆ ಬಂದಿತ್ತು.

ಡಿಸೆಂಬರ್ 18

ಭೂಸೇನೆಯ ಸಿದ್ಧತೆಗೆ ಬೆಳಗಾವಿ ಕೇಂದ್ರವಾಯಿತು. ವಾಯುಪಡೆಯ ವಿಮಾನಗಳು ಪುಣೆಯ ಜತೆಗೆ ಬೆಳಗಾವಿಯ ಸಾಂಬ್ರಾದಿಂದಲೂ ಹಾರಿದವು. ಕಡಲ ಭಾಗದ ಹೊಣೆ ರಿಯರ್ ಅಡ್ಮಿರಲ್ ಬಿ.ಎಸ್. ಸೋಮನ್ ಅವರ ನೇತೃತ್ವದ ನೌಕಾಬಲದ್ದು. ಅಂಜದೀವ್ ವಶಪಡಿಸಿಕೊಳ್ಳುವ ಕೆಲಸ ಎರಡು ಹಡಗುಗಳ ಪಾಲಿಗೆ ಬಂತು. ಅವು ಕ್ರೂಸರ್ ಮೈಸೂರು ಮತ್ತು ಫ್ರಿಗೇಟ್ ತ್ರಿಶೂಲ್.

ಐಎನ್‌ಎಸ್ ಮೈಸೂರು ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗುವಂತಿಲ್ಲ. ಇದು ಹೊಸ ಹಡಗಲ್ಲ. ಎರಡನೇ ಮಹಾಯುದ್ಧದಲ್ಲಿ 'ನೈಜೀರಿಯಾ' ಎಂಬ ಹೆಸರಿನಲ್ಲಿ ಬ್ರಿಟಿಷರ ಪರ ಹೋರಾಡಿ, 1942ರ ಆಗಸ್ಟ್‌ನಲ್ಲಿ ಮಾಲ್ಟಾ ದ್ವೀಪಕ್ಕೆ ಸಾಮಗ್ರಿ ಒಯ್ಯುವ ಹಡಗುಗಳ ಬೆಂಗಾವಲಿಗೆ ಹೋಗಿದ್ದಾಗ ಇಟಲಿಯ ಜಲಾಂತರ್ಗಾಮಿಯ ಟಾರ್ಪೆಡೊ ಏಟು ತಿಂದು ಬದುಕಿ ಬಂದ ಗಟ್ಟಿ ಪಿಂಡ. ಭಾರತ ಅದನ್ನು ಖರೀದಿಸಿ, ನವೀಕರಿಸಿ, 1957ರ ಆಗಸ್ಟ್ 29ರಂದು ಮೈಸೂರು ಎಂಬ ಹೆಸರಿನಲ್ಲಿ ಸೇವೆಗೆ ಸೇರಿಸಿಕೊಂಡಿತು. ಆರು ಇಂಚಿನ ಒಂಬತ್ತು ತೋಪುಗಳ ಈ ಕ್ರೂಸರ್‌ಗೆ ಮುಂಬಯಿಯೇ ನೆಲೆ. ಅಂದರೆ ಅಂಜದೀವ್‌ನ ಕಥೆಯಲ್ಲಿ ಮುಂಬಯಿ ಎರಡನೇ ಸಲ ಬಂತು. ಮುನ್ನೂರು ವರ್ಷಗಳ ಹಿಂದೆ ಮುಂಬಯಿಗೆ ಬರಲಾರದೆ ಅಲ್ಲಿ ಸತ್ತವರಿದ್ದರು, ಈ ಸಲ ಮುಂಬಯಿಯನ್ನು ನೆಲೆಯಾಗಿಸಿಕೊಂಡ ಹಡಗು ಅಲ್ಲಿಗೆ ಹೊರಟಿತ್ತು.

ದ್ವೀಪದ ಮೇಲೆ ಇಳಿಯಲು ಸಿದ್ಧವಾದವರು ಕಾಲಾಳು ಸೈನಿಕರಲ್ಲ, ನೌಕಾಪಡೆಯ ನಾವಿಕರು ಎಂಬುದನ್ನು ಗಮನಿಸಬೇಕು. ಕಡಲಿನಿಂದ ನೆಲಕ್ಕಿಳಿದು ಹೋರಾಡಲೆಂದೇ ಪಳಗಿದ ಪ್ರತ್ಯೇಕ ದಳ ಆಗ ನಮ್ಮ ನೌಕಾಪಡೆಯಲ್ಲಿ ಇರಲಿಲ್ಲ. ಹಡಗಿನ ಕೆಲಸ ಕಲಿತ ತರುಣರು ಬಂದೂಕು ಹಿಡಿದು ದೋಣಿಯಲ್ಲಿ ಕುಳಿತು, ಕಲ್ಲುಬಂಡೆಗಳ ಮರೆಯಲ್ಲಿ ಮೆಷಿನ್‌ಗನ್ ಇಟ್ಟುಕೊಂಡು ಕಾಯುತ್ತಿದ್ದವರತ್ತ ಸಾಗಬೇಕಿತ್ತು. ಸುಮಾರು 75 ಮಂದಿಯ ಈ ತಂಡದ ನಾಯಕತ್ವ ಲೆಫ್ಟಿನೆಂಟ್ ಅರುಣ್ ಆಡಿಟ್ಟೊ ಅವರದು.

ಡಿಸೆಂಬರ್ 18ರ ಬೆಳಿಗ್ಗೆ ತ್ರಿಶೂಲ್‌ನಿಂದ ದೋಣಿಗಳು ಇಳಿದವು. ಮೊದಲ ಗುಂಪು ಹೆಚ್ಚು ಪ್ರತಿರೋಧವಿಲ್ಲದೆ ದಡ ಮುಟ್ಟಿತು. ದ್ವೀಪದಲ್ಲಿ ಬಿಳಿ ಬಾವುಟ ಕಾಣಿಸಿತ್ತೆಂದೂ, ಅದನ್ನು ನಂಬಿ ಮುಂದುವರಿದವರ ಮೇಲೆ ಗುಂಡು ಹಾರಿತೆಂದೂ ನೌಕಾಪಡೆಯ ವೃತ್ತಾಂತ ಹೇಳುತ್ತದೆ. ಎರಡನೇ ಗುಂಪು ಬರುತ್ತಿದ್ದಾಗ ಮೆಷಿನ್‌ಗನ್‌ಗಳು ಬಾಯಿ ತೆರೆದವು. ತೆರೆದ ದೋಣಿಯಲ್ಲಿ ಅಡಗಲು ಮರೆಯೆಲ್ಲಿ? ಆ ಗುಂಪಿನ ನಾಯಕ, ಗನ್ನರ್ ಅಧಿಕಾರಿ ನೋಯೆಲ್ ಕೆಲ್ಮನ್ ಕಾಲಿಗೆ ಗುಂಡು ತಗಲಿ ಗಾಯಗೊಂಡರು. ಗಾಯಗೊಂಡೂ ಅವರು ಹಿಮ್ಮೆಟ್ಟಲಿಲ್ಲ. ಆಡಿಟ್ಟೊ ಮತ್ತು ಕೆಲ್ಮನ್ ಇಬ್ಬರಿಗೂ ಮುಂದೆ ಶೌರ್ಯ ಪುರಸ್ಕಾರ ಸಂದಿತು.

ದಡಕ್ಕೆ ಇಳಿದವರು ಸಿಕ್ಕಿಹಾಕಿಕೊಂಡದ್ದನ್ನು ಕಂಡ ಹಡಗುಗಳು ತೋಪು ಹಾರಿಸಿದವು. ಕಾರವಾರದ ತೀರದಿಂದ ಇಷ್ಟು ಹತ್ತಿರದಲ್ಲಿ, ಮನೆಯಂಗಳದಲ್ಲಿ ನಿಂತರೆ ಕಾಣುವಷ್ಟು ಸಮೀಪದಲ್ಲಿ ನಡೆದ ಯುದ್ಧವದು. ನಮ್ಮ ಕರಾವಳಿಯ ಇತ್ತೀಚಿನ ಚರಿತ್ರೆಯಲ್ಲಿ ಇಂತಹ ಇನ್ನೊಂದು ಘಟನೆ ಇಲ್ಲವೆನ್ನಬೇಕು. ಮರುದಿನ ಮಧ್ಯಾಹ್ನದ ಹೊತ್ತಿಗೆ ದ್ವೀಪ ಪೂರ್ತಿಯಾಗಿ ಭಾರತದ ಕೈಸೇರಿತು. ಏಳು ನಾವಿಕರು ಮರಳಿ ಹಡಗು ಹತ್ತಲಿಲ್ಲ, 17 ಮಂದಿ ಗಾಯಗೊಂಡರು. ಇಡೀ ಆಪರೇಷನ್ ವಿಜಯ್‌ನಲ್ಲಿ ಭಾರತ ಕಳೆದುಕೊಂಡ ಜೀವಗಳಲ್ಲಿ ದೊಡ್ಡದೊಂದು ಪಾಲನ್ನು ಈ ಪುಟ್ಟ ದ್ವೀಪವೇ ನುಂಗಿತು.

ಎದುರಾಳಿ ಪಾಳೆಯದಲ್ಲಿದ್ದವರೂ ಮನುಷ್ಯರೇ. ಕೋಟೆ ಬಿದ್ದ ಮೇಲೂ ಮೂವರು ಬಂಡೆಗಳ ಸಂದಿಯಲ್ಲಿ ಅಡಗಿಕೊಂಡಿದ್ದರು. ಒಬ್ಬ 19ರಂದು ಶರಣಾದ. ಇನ್ನೊಬ್ಬ ಗ್ರೆನೇಡ್ ಎಸೆದು ಕೆಲವರನ್ನು ಗಾಯಗೊಳಿಸಿ 20ರಂದು ಸೆರೆ ಸಿಕ್ಕಿದ. ಮೂರನೆಯವನು ಮಾನುವೆಲ್ ಕಾಯೆತಾನೊ ಎಂಬ ಗೋವೆಯ ಹುಡುಗ, ಸಾಮಾನ್ಯ ಸಿಪಾಯಿ. ಅವನು ಈಜಿ ನಮ್ಮ ದಡ ಸೇರಿ, 22ರಂದು ಸಿಕ್ಕಿಬಿದ್ದ. ಭಾರತದ ನೆಲದಲ್ಲಿ ಸೆರೆಯಾದ ಕಟ್ಟಕಡೆಯ ಪೋರ್ಚುಗೀಸ್ ಸೈನಿಕ ಅವನೇ. ವಾಸ್ಕೋ ಡ ಗಾಮಾ ನೀರು ತುಂಬಿಸಿಕೊಂಡ ದ್ವೀಪದಿಂದ ಹೊರಬಿದ್ದ ಕೊನೆಯ ಪೋರ್ಚುಗೀಸ್ ಸಿಪಾಯಿ ಕೊಂಕಣಿಗರ ನಾಡಿನವನೇ ಆಗಿದ್ದನೆಂಬುದು ವಿಚಿತ್ರ ಸತ್ಯ.

ಅತ್ತ ಮುರಗಾಂವ್ ಬಂದರಿನಲ್ಲಿ ಬೇಟ್ವಾ, ಬಿಯಾಸ್ ಮತ್ತು ಕಾವೇರಿ ಹಡಗುಗಳು 18ರಂದೇ ಪೋರ್ಚುಗೀಸರ 'ಅಫೊನ್ಸೊ ಡಿ ಅಲ್ಬುಕರ್ಕ್' ಯುದ್ಧನೌಕೆಯನ್ನು ಬಡಿದು ದಡಕ್ಕೆ ಹತ್ತಿಸಿದ್ದವು. 1962ರಲ್ಲಿ ಅದನ್ನು ಎಳೆದುಕೊಂಡು ಬಂದು ಗುಜರಿಗೆ ಮಾರಿದ್ದು ಇದೇ ಮುಂಬಯಿಯಲ್ಲಿ.

ಬೇಲಿಯಾಚೆ ಹೋದ ದ್ವೀಪ

ವಸಾಯಿ, ವಿರಾರ್ ಕಡೆಯ ನಮ್ಮವರು ವಸಾಯಿ ಕೋಟೆಯನ್ನು ನೋಡಿಯೇ ಇರುತ್ತಾರೆ. 1739ರಲ್ಲಿ ಪೋರ್ಚುಗೀಸರಿಂದ ಆ ಕೋಟೆಯನ್ನು ಗೆದ್ದ ಚಿಮಾಜಿ ಅಪ್ಪಾ ಅವರ ಪ್ರತಿಮೆ ಅಲ್ಲಿದೆ. ಯಾರು ಬೇಕಾದರೂ ಹೋಗಿ ಕೈಮುಗಿದು ಬರಬಹುದು. ಅರ್ನಾಳಾ ದ್ವೀಪದುರ್ಗಕ್ಕೂ ದೋಣಿ ಸಿಗುತ್ತದೆ. ಅಂಜದೀವ್‌ಗೆ ಆ ಭಾಗ್ಯವಿಲ್ಲ. ದ್ವೀಪ ಈಗ ನೌಕಾಪಡೆಯ ವಶದಲ್ಲಿದೆ, ಸಾರ್ವಜನಿಕರಿಗೆ ಮುಕ್ತ ಪ್ರವೇಶವಿಲ್ಲ. ಏಳು ನಾವಿಕರ ಸ್ಮಾರಕ ಇರುವ ಗೋಮಾಂತಕ್ ಕೂಡ ನೌಕಾನೆಲೆಯೇ.

ಇದಕ್ಕೆ ಕಾರಣವೂ ಮುಂಬಯಿಗೇ ಬಂದು ಮುಟ್ಟುತ್ತದೆ. ಮುಂಬಯಿ ಬಂದರಿನಲ್ಲಿ ವ್ಯಾಪಾರಿ ಹಡಗುಗಳ ದಟ್ಟಣೆಯ ನಡುವೆ ಯುದ್ಧನೌಕೆಗಳಿಗೆ ಜಾಗ ಸಾಲದೆ ಬಂದಾಗ, ಪಶ್ಚಿಮ ಕರಾವಳಿಯಲ್ಲಿ ನೌಕಾಪಡೆಗೇ ಮೀಸಲಾದ ಇನ್ನೊಂದು ಬಂದರು ಬೇಕೆಂಬ ಯೋಚನೆ ಬಲಗೊಂಡಿತು. 1982ರಿಂದ 84ರವರೆಗೆ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಓ.ಎಸ್. ಡಾಸನ್ ಅವರ ಕಾಲದಲ್ಲಿ ಆ ಯೋಚನೆ ಕಾರವಾರದ ಕಡೆ ತಿರುಗಿತು. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ 'ಸೀಬರ್ಡ್' ಯೋಜನೆಗೆ ಶಂಕುಸ್ಥಾಪನೆ ಮಾಡಿದರು. ಹಣದ ಅಡಚಣೆಯಿಂದ ಕುಂಟುತ್ತ ಸಾಗಿದ ಕೆಲಸ ಮುಗಿದು, 2005ರ ಮೇ 31ರಂದು ಐಎನ್‌ಎಸ್ ಕದಂಬ ಸೇವೆಗೆ ಸಮರ್ಪಣೆಯಾಯಿತು. ಬನವಾಸಿಯ ಕದಂಬರ ಹೆಸರು ಒಂದು ನೌಕಾನೆಲೆಗೆ ಸಂದದ್ದು ಕನ್ನಡಿಗರಿಗೆ ಸಂತೋಷದ ವಿಷಯ. ಅಲೆತಡೆಗೋಡೆ ಕಟ್ಟುವಾಗ ಅಂಜದೀವ್ ದಡದೊಂದಿಗೆ ಜೋಡಣೆಯಾಯಿತು. ಹಾಗೆ ನೋಡಿದರೆ ಅದೀಗ ದ್ವೀಪವೂ ಅಲ್ಲ.

ಸಂತೋಷಪಡುವಾಗ ಇನ್ನೊಂದು ಮಗ್ಗುಲನ್ನು ಮರೆಮಾಚುವುದು ಸರಿಯಲ್ಲ. ಸೀಬರ್ಡ್‌ಗಾಗಿ ಬಿಣಗಾ, ಅರಗಾ, ಚೆಂಡಿಯಾ, ಅಮದಳ್ಳಿ, ಹಾರವಾಡ ಮೊದಲಾದ ಊರುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ತೆಂಗಿನ ತೋಟ ಬಿಟ್ಟು ಎದ್ದವು. ಪರಿಹಾರದ ವ್ಯಾಜ್ಯಗಳು ದಶಕಗಟ್ಟಲೆ ನಡೆದವು. ಮೀನುಗಾರರಿಗೆ ಹೋದದ್ದು ಮನೆಯಷ್ಟೇ ಅಲ್ಲ, ದೋಣಿ ಎಳೆದು ಹಾಕುವ ದಂಡೆ, ಬಲೆ ಒಣಗಿಸುವ ಮರಳು, ರಂಪಣಿ ಎಳೆಯುವ ನೀರು ಎಲ್ಲವೂ. 1961ರಲ್ಲಿ ವಿದೇಶಿ ಗುಂಡಿಗೆ ಹೆದರಿ ಅಂಜದೀವ್ ಬಳಿ ಸುಳಿಯಲಾರದೆ ಹೋದವರ ಮಕ್ಕಳು ಈಗ ನಮ್ಮದೇ ದೇಶದ ಭದ್ರತೆಗಾಗಿ ಅದೇ ನೀರಿನಿಂದ ದೂರ ಉಳಿದಿದ್ದಾರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು, ನಿಜ. ದೇಶಕ್ಕೆ ನೌಕಾನೆಲೆ ಬೇಕೆಂಬುದನ್ನು ಆ ಜನರೇನೂ ಅಲ್ಲಗಳೆದಿಲ್ಲ. ಆದರೆ ಕೊಟ್ಟವರ ಲೆಕ್ಕ ಬರೆಯುವಾಗ ಅವರ ಹೆಸರೂ ಇರಬೇಕಲ್ಲವೇ? ಮುಂಬಯಿಯಲ್ಲಿ 1902ರಷ್ಟು ಹಿಂದೆಯೇ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡ ಕಡಲ ಮಕ್ಕಳಿಗೆ ಈ ನೋವನ್ನು ಬೇರೆಯವರು ವಿವರಿಸಬೇಕಾಗಿಲ್ಲ.

ಬ್ರೋತಾಸ್ ಮಾತೆಯ ಹಬ್ಬಕ್ಕೂ ಭದ್ರತೆಯ ಬೇಲಿ ಅಡ್ಡ ಬಂತು. ಹಬ್ಬದ ದಿನವಾದರೂ ಬಿಡಿ ಎಂಬ ಭಕ್ತರ ಮನವಿ ಮತ್ತೆ ಮತ್ತೆ ಕೇಳಿಬಂದಿದೆ. ವರ್ಷಕ್ಕೊಂದು ದಿನ, ಗುರುತುಚೀಟಿ ನೋಡಿ, ಎಣಿಸಿ, ಬಿಟ್ಟರೆ ನೌಕಾನೆಲೆಯ ಭದ್ರತೆಗೆ ದೊಡ್ಡ ಧಕ್ಕೆಯಾಗಲಾರದು ಎಂಬುದು ಈ ಬರಹಗಾರನ ಅಭಿಪ್ರಾಯ. ಹಾಗೆ ಬಿಡುವುದಾದರೆ ಡಿಸೆಂಬರ್ 18ರಂದೂ ಬಿಡಬಹುದು. ನಾವಿಕರು ಬಿದ್ದ ಜಾಗಕ್ಕೆ ಒಂದು ಹೂ ಹಾಕುವ ಅವಕಾಶ ಎದುರು ದಡದ ಜನರಿಗೂ ಸಿಕ್ಕೀತು.

ಹೆಸರು ಉಳಿದಿದೆ

ಹಳೆಯ ಐಎನ್‌ಎಸ್ ಮೈಸೂರು 1985ರ ಆಗಸ್ಟ್ 20ರಂದು ನಿವೃತ್ತಿಯಾಯಿತು. ಅದಕ್ಕೂ ಹನ್ನೆರಡು ವರ್ಷ ಮೊದಲೇ ಮೈಸೂರು ರಾಜ್ಯ ಕರ್ನಾಟಕವಾಗಿತ್ತು, ಹಡಗು ಮಾತ್ರ ಹಳೆಯ ಹೆಸರನ್ನೇ ಹೊತ್ತು ತಿರುಗುತ್ತಿತ್ತು. ಅದೇ ಹೆಸರಿನ ಹೊಸ ಡಿಸ್ಟ್ರಾಯರ್ ಹಡಗು ತಯಾರಾದದ್ದು ನಮ್ಮ ಮಝಗಾಂವ್ ಡಾಕ್‌ನಲ್ಲಿ. 1999ರ ಜೂನ್ 2ರಂದು ಸೇವೆಗೆ ಸೇರಿದ ಅದರ ಲಾಂಛನದಲ್ಲಿ ಮೈಸೂರಿನ ಗಂಡಭೇರುಂಡವಿದೆ.

ಅಂಜದೀವ್‌ನ ಹೆಸರನ್ನೂ ನೌಕಾಪಡೆ ಹಡಗಿಗಿಟ್ಟಿದೆ. ದಡದ ಸಮೀಪದ ಆಳವಿಲ್ಲದ ನೀರಿನಲ್ಲಿ ಶತ್ರು ಜಲಾಂತರ್ಗಾಮಿಗಳನ್ನು ಹುಡುಕಿ ಹೊಡೆಯುವ ಹೊಸ ಸರಣಿಯ ಹಡಗುಗಳಲ್ಲಿ ಒಂದಕ್ಕೆ 'ಅಂಜದೀಪ್' ಎಂದು ಹೆಸರು. ನೌಕಾಪಡೆ ಈ ದ್ವೀಪವನ್ನು ಬರೆಯುವುದು ಹಾಗೆಯೇ. 2023ರ ಜೂನ್ 13ರಂದು ತಮಿಳುನಾಡಿನ ಕಾಟ್ಟುಪಳ್ಳಿಯಲ್ಲಿ ಅದನ್ನು ನೀರಿಗಿಳಿಸಲಾಯಿತು. ಅದೇ ಸರಣಿಯ ಮೊದಲ ಹಡಗು 'ಅರ್ನಾಳಾ'. ವಿರಾರ್ ಹೊರಗಿನ ಅದೇ ಅರ್ನಾಳಾ. 2025ರ ಜೂನ್ 18ರಂದು ವಿಶಾಖಪಟ್ಟಣದಲ್ಲಿ ಅದು ಸೇವೆಗೆ ಸೇರಿತು. ಮುಂಬಯಿ ಕಡೆಯ ಒಂದು ದ್ವೀಪದುರ್ಗ, ಕಾರವಾರದ ಕಡೆಯ ಒಂದು ದ್ವೀಪದುರ್ಗ, ಎರಡೂ ಒಂದೇ ಸರಣಿಯ ಹಡಗುಗಳಾಗಿರುವುದು ಊರಿಗೂ ಇಲ್ಲಿಗೂ ನಡುವೆ ಓಡಾಡುವ ನಮ್ಮಂಥವರಿಗೆ ಖುಷಿ ಕೊಡುವ ಕಾಕತಾಳೀಯ.

ದಡದಲ್ಲಿ ನೋಡಲು ಏನೂ ಇಲ್ಲವೆಂದಲ್ಲ. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ 2006ರಿಂದ ಐಎನ್‌ಎಸ್ ಚಪಲ್ ಕ್ಷಿಪಣಿ ದೋಣಿ ಸಂಗ್ರಹಾಲಯವಾಗಿ ನಿಂತಿದೆ. ಈಚೆಗೆ ಅದರ ಬಳಿ ನಿವೃತ್ತ ಟುಪೊಲೆವ್ ವಿಮಾನವನ್ನೂ ಇರಿಸಲಾಗಿದೆ. ಪಕ್ಕದಲ್ಲೇ ಪರಮವೀರ ಚಕ್ರ ಪುರಸ್ಕೃತ ಮೇಜರ್ ರಾಮ ರಾಘೋಬಾ ರಾಣೆ ಅವರ ಪ್ರತಿಮೆ. 1948ರಲ್ಲಿ ಕಾಶ್ಮೀರದ ರಣರಂಗದಲ್ಲಿ ಬಾಂಬೆ ಸ್ಯಾಪರ್ಸ್ ಪಡೆಯ ಅಧಿಕಾರಿಯಾಗಿ ಸಾಹಸ ಮೆರೆದ ರಾಣೆಯವರು ಇದೇ ಚೆಂಡಿಯಾದವರು, ಅಂದರೆ ಅಂಜದೀವ್‌ನ ಎದುರು ದಡದ ಮಗ.

ನಮ್ಮ ಸಂಘ ಸಂಸ್ಥೆಗಳಲ್ಲಿ ಡಿಸೆಂಬರ್ ಎಂದರೆ ವಾರ್ಷಿಕೋತ್ಸವಗಳ ತಿಂಗಳು. ನಾಟಕ, ಯಕ್ಷಗಾನ, ಸನ್ಮಾನಗಳ ನಡುವೆ ಹತ್ತು ನಿಮಿಷ ಇದಕ್ಕಾಗಿ ತೆಗೆದಿರಿಸುವುದು ಕಷ್ಟವಲ್ಲ. ಅದಕ್ಕಿಂತ ತುರ್ತಾದ ಕೆಲಸ ಇನ್ನೊಂದಿದೆ. 1961ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತೈದರ ಆಸುಪಾಸು. ಬಿಣಗಾ, ಅರಗಾ, ಕೋಡಿಬಾಗ, ಮಾಜಾಳಿ ಕಡೆಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ಅಂತಹ ಹಿರಿಯರಲ್ಲಿ ಆ ಎರಡು ದಿನಗಳ ತೋಪಿನ ಸದ್ದು ಕೇಳಿದವರು, ಆ ನವೆಂಬರ್‌ನಲ್ಲಿ ಕಡಲಿಗಿಳಿಯದೆ ಮನೆಯಲ್ಲಿ ಕುಳಿತ ಅಪ್ಪ, ಅಜ್ಜಂದಿರನ್ನು ಕಂಡವರು ಇರಲೇಬೇಕು. ಸಂಘದ ಯುವ ವಿಭಾಗದವರು ಒಂದು ಮೊಬೈಲ್ ಫೋನ್ ಹಿಡಿದು ಅವರ ಮನೆಗೆ ಹೋಗಿ ಅರ್ಧ ತಾಸು ಕುಳಿತರೆ ಸಾಕು. ಯಾವ ದೋಣಿ, ಯಾವ ದಿನ, ಯಾರ ಮನೆಯವರು ಎಂಬ ವಿವರಗಳು ನೌಕಾಪಡೆಯ ಪುಸ್ತಕಗಳಲ್ಲಿ ಸಿಗುವುದಿಲ್ಲ.

ಊರಿಗೆ ಹೋಗುವಾಗ ಕಾರವಾರದಲ್ಲಿ ಇಳಿಯುವವರು ಅಂಕೋಲೆ ಕಡೆಗೆ ಹೆದ್ದಾರಿಯಲ್ಲಿ ಬಸ್ಸು ಹತ್ತಿದರೆ, ಬಿಣಗಾ ದಾಟಿ ಅರಗಾ ಕಡೆ ಸಾಗುವಾಗ ಬಲಬದಿಯ ಕಿಟಕಿಯಲ್ಲಿ ಕುಳಿತುಕೊಳ್ಳುವುದು ಒಳ್ಳೆಯದು. ಎತ್ತರದ ಜಾಗಗಳಲ್ಲಿ, ನೌಕಾನೆಲೆಯ ಆಚೆಗೆ, ಹಸಿರು ಹೊದ್ದು ಮಲಗಿದಂತೆ ಅಂಜದೀವ್ ಕಾಣುತ್ತದೆ.